ಹಾಡ್ಸನ್ನರ ಒಂದು ಸಹಿ

ಅತ್ತೆ ಅಪೊಲಿನ್ ಬಾಯಿ ದೋಹಾ ಏರ್‌ಪೋರ್ಟಿನ ಬಾಗಿಲಿನಿಂದ ಹೊರಗೆ ಬಂದವರೇ ಕೇಳಿದ ಮೊದಲ ಪ್ರಶ್ನೆ, "ಹದಿನೆಂಟನೇ ತಾರೀಕೇ ಅಲ್ವಾ ಪುತಾ? ಬದಲಾಗಲಿಲ್ಲ ಅಲ್ವಾ?"

"ಇಲ್ಲ ಮಾಂಯ್, ಹದಿನೆಂಟೇ, ಗಟ್ಟಿ" ಎಂದು ಲಿಗೋರಿ ಸಿಕ್ವೇರಾ ಅವರ ಕೈಯ ಪೆಟ್ಟಿಗೆಗೆ ಕೈ ಹಾಕಿದ. ಅತ್ತೆ ಕೊಡಲಿಲ್ಲ. ಅದರಲ್ಲಿ ಮೊಮ್ಮಗಳ ಬಿಳಿ ಫ್ರಾಕು ಇತ್ತು. ಬೊಂಬಾಯಿಯ ಕಸ್ಟಮ್ಸಿನವನು ಕೇಳಿದಾಗಲೂ ಕೈ ತೊಳೆದುಕೊಂಡು ಬಾ ಎಂದಿದ್ದರಂತೆ.

ಮೊಮ್ಮಗಳು ಮೆಲಿಟಾಗೆ ಹನ್ನೊಂದು ವರ್ಷ. ಊರಿನಲ್ಲಾಗಿದ್ದರೆ ಮಕ್ಕಳು ಮೊದಲ ಸಲ ಪ್ರಸಾದ ಪಡೆಯುವ ಪ್ರಥಮ ಪರಮಪ್ರಸಾದದ ಪೂಜೆ ಅವಳಿಗೆ ಯಾವಾಗಲೋ ಮುಗಿದು, ಫೋಟೋ ಗೋಡೆಯಲ್ಲಿ ಧೂಳು ತಿನ್ನುತ್ತಿತ್ತು. ಇಲ್ಲಿ ಎರಡು ಸಲ ತಪ್ಪಿತು. ಒಂದು ವರ್ಷ ಬಹರೈನಿನಿಂದ ಬರಬೇಕಾದ ಫಾದರಿಗೆ ವೀಸಾ ಸಿಗಲಿಲ್ಲ. ಮರುವರ್ಷ ಫಾದರಿಗೆ ವೀಸಾ ಸಿಕ್ಕಿತು, ಮೆಲಿಟಾಳಿಗೆ ಸೀತಾಳೆ ಸಿಡುಬು ಬಂತು. ಈ ಸಲ, ತೊಂಬತ್ತನಾಲ್ಕರ ನವೆಂಬರ್ ಹದಿನೆಂಟರ ಶುಕ್ರವಾರ, ಅವಳೂ ಇನ್ನು ಹತ್ತು ಮಕ್ಕಳೂ ಸಾಲಾಗಿ ನಿಲ್ಲಬೇಕು. ಫಾದರಿಗೆ ಮೂರು ದಿನದ ವೀಸಾ ಆಗಿತ್ತು. ಅತ್ತೆಗೆ ಒಂದು ತಿಂಗಳದ್ದು. ಇದೂ ತಪ್ಪಿದರೆ ಊರಿಗೆ ಹೋಗಿ ಯಾವ ಮುಖ ತೋರಿಸುವುದು ಎಂದು ಅತ್ತೆ ಕಾರಿನಲ್ಲಿ ಕೂತು ಹೇಳಿದರು. ಮುಖ ಯಾರದೆಂದು ಹೇಳಲಿಲ್ಲ. ಲಿಗೋರಿಗೆ ಅರ್ಥವಾಯಿತು.

ಆ ಕಾಲಕ್ಕೆ ದೋಹಾದಲ್ಲಿ ಇಗರ್ಜಿ ಎಂಬ ಕಟ್ಟಡ ಇರಲಿಲ್ಲ. ಇದ್ದದ್ದು ಅಲ್ ಅಜೀಜಿಯಾದ ಒಂದು ಹಳೆ ವಿಲ್ಲಾ. ಹೊರಗೆ ಶಿಲುಬೆ ಇಲ್ಲ, ಬೋರ್ಡಿಲ್ಲ, ಗಂಟೆಯಿಲ್ಲ. ಕಾರುಗಳನ್ನು ಎರಡು ಬೀದಿ ಆಚೆ ನಿಲ್ಲಿಸಿ ಮದುವೆ ಊಟಕ್ಕೆ ಹೊರಟವರ ಹಾಗೆ ನಡೆದು ಬರಬೇಕು. ಶುಕ್ರವಾರ ಬೆಳಿಗ್ಗೆ ಏಳಕ್ಕೆ ಇಂಗ್ಲೆಂಡಿನ ಸಭೆಯ ಆಂಗ್ಲಿಕನರು, ಒಂಬತ್ತಕ್ಕೆ ಕೊಂಕಣಿ ಕೆಥೊಲಿಕರು, ಮಧ್ಯಾಹ್ನದ ನಮಾಜು ಮುಗಿದು ಬೀದಿ ಖಾಲಿಯಾದ ಮೇಲೆ ಸಿ.ಎಸ್.ಐ.ಯ ಕನ್ನಡದವರು, ಸಂಜೆ ಮಲಯಾಳಿ ಆರ್ಥೊಡಾಕ್ಸಿನವರು. ಒಂದೇ ಹಾಲ್, ನಾಲ್ಕು ಕಪಾಟು, ನಾಲ್ಕು ಬೀಗ. ವಿಲ್ಲಾದ ಕಾಗದ ಮಾತ್ರ ಒಬ್ಬರದೇ ಹೆಸರಿನಲ್ಲಿ. ಆಂಗ್ಲಿಕನರ ಹಿರಿಯ, ಪ್ರಾಜೆಕ್ಟ್ ಇಂಜಿನಿಯರ್ ಹಾಡ್ಸನ್. ಒಂಬತ್ತು ವರ್ಷದಿಂದ ಪ್ರತಿ ನವೆಂಬರಿನಲ್ಲಿ ಅವರು ಒಂದು ಸಹಿ ಹಾಕುತ್ತಿದ್ದರು, ನಾಲ್ಕು ಸಭೆಯವರ ದೇವರಿಗೆ ಮತ್ತೊಂದು ವರ್ಷ ನೆರಳು ಸಿಗುತ್ತಿತ್ತು. ಆ ಸಹಿಯ ಬಗ್ಗೆ ಯಾರೂ ಯೋಚಿಸಿದ್ದಿಲ್ಲ.

ಕೊಂಕಣಿಯವರ ಪರವಾಗಿ ಹಾಲ್ ನೋಡಿಕೊಳ್ಳುವವನು ಲಿಗೋರಿ. ನಾಲ್ಕನೇ ತಾರೀಕಿನ ಶುಕ್ರವಾರ ಒಂಬತ್ತು ಗಂಟೆಗೆ ಅವನು ತನ್ನವರನ್ನು ಕರೆದುಕೊಂಡು ಬಂದರೆ ಬಾಗಿಲು ಮುಚ್ಚಿತ್ತು. ಆಂಗ್ಲಿಕನರು ಇನ್ನೂ ಒಳಗೇ. ಇಂಗ್ಲಿಷರು ಜಗಳಾಡುವ ರೀತಿ ಅವನಿಗೆ ಆಫೀಸಿನಲ್ಲಿ ನೋಡಿ ಗೊತ್ತಿತ್ತು. ಸ್ವರ ಏರುವುದಿಲ್ಲ, ಥ್ಯಾಂಕ್ಯೂ ಜಾಸ್ತಿಯಾಗುತ್ತದೆ. ಆ ದಿನ ಒಳಗೆ ಥ್ಯಾಂಕ್ಯೂಗಳ ಕಲ್ಲುತೂರಾಟ ನಡೆದಿತ್ತು.

ತಿಂಗಳ ಮೊದಲ ಶುಕ್ರವಾರ ನಾಲ್ಕು ಸಭೆಯವರೂ ಕೂತು ವೇಳಾಪಟ್ಟಿ ಮಾಡುವ ಪದ್ಧತಿ. ಹಾಗಾಗಿ ಉಳಿದಿಬ್ಬರೂ ಅಂಗಳದಲ್ಲಿದ್ದರು. ಸಿ.ಎಸ್.ಐ.ಯ ದೇವದಾನ ಕರ್ಕಡ ಮಂಗಳೂರಿನ ಬಲ್ಮಠದವನು, ಇಲ್ಲಿ ಎಲೆಕ್ಟ್ರಿಕಲ್ ಫೋರ್‌ಮನ್. ಆರ್ಥೊಡಾಕ್ಸಿನ ಕುರುವಿಳ ಕೋಟ್ಟಯಂನವನು, ಮಂಗಳೂರಿನಲ್ಲಿ ಫಾರ್ಮಸಿ ಓದುವಾಗ ಕನ್ನಡ ಕಲಿತವನು. ನಾಲ್ಕು ವರ್ಷದಲ್ಲಿ ಪಾಸಾಗಬೇಕಾದ್ದನ್ನು ಏಳು ವರ್ಷ ಓದಿದ್ದರಿಂದ ಕನ್ನಡ ಚೆನ್ನಾಗಿಯೇ ಬಂದಿತ್ತು.

"ಎಂತ ಮಾರಾಯ ಒಳಗೆ?" ಲಿಗೋರಿ ಕೇಳಿದ.

"ಹೆಣ್ಣು ಪಾದ್ರಿ," ಅಂದ ದೇವದಾನ. "ಪ್ರಿಚರ್ಡ್ ಟೀಚರ್ ಉಂಟಲ್ಲ, ಅವರ ತಂಗಿ. ಇಂಗ್ಲೆಂಡಿನಲ್ಲಿ ಈ ವರ್ಷ ಹೆಂಗಸರಿಗೂ ದೀಕ್ಷೆ ಕೊಟ್ರಲ್ಲ, ಅದರಲ್ಲಿ ಇವರದ್ದೂ ಆಯಿತು. ಅಕ್ಕನನ್ನು ನೋಡ್ಲಿಕ್ಕೆ ಬರ್ತಾರಂತೆ. ಇಪ್ಪತ್ತೈದಕ್ಕೆ ಇಲ್ಲಿ ಆರಾಧನೆ ನಡೆಸಲಿ ಅಂತ ಟೀಚರ್ ಪಾರ್ಟಿ. ಪೂಜೆಯ ಮೇಜು, ಆಲ್ತಾರಿನ ಹತ್ತಿರ ಬಿಡುದಿಲ್ಲ ಅಂತ ಹಾಡ್ಸನ್ ಪಾರ್ಟಿ."

ಪಕ್ಕದ ಮನೆಯ ಜಗಳ ಕೇಳುವ ಸುಖ ಸ್ವಂತ ಮನೆಯ ಊಟದಲ್ಲೂ ಇಲ್ಲ. ಲಿಗೋರಿ ಮೆಟ್ಟಿಲ ಮೇಲೆ ಆರಾಮವಾಗಿ ಕೂತ.

"ಇದಕ್ಕೇ ಹೇಳುದು, ತಲೆ ಬೇಕು ಅಂತ. ನಮಗೆ ರೋಮಿನಲ್ಲಿ ಒಬ್ಬರು ಇದ್ದಾರೆ. ಮೇ ತಿಂಗಳಲ್ಲಿ ಹೇಳಿಬಿಟ್ಟರು, ಹೆಂಗಸರಿಗೆ ಯಾಜಕ ದೀಕ್ಷೆ ಇಲ್ಲ, ಚರ್ಚೆ ಮುಗಿಯಿತು ಅಂತ. ಖಲಾಸ್. ಇವರದ್ದು ಹೇಗೆ? ಓಟು ಹಾಕಿ ಸತ್ಯ ಹುಡುಕುದು. ಮುಂದಿನ ಸಲ ಓಟು ಆಚೆ ಬಿದ್ರೆ ಸತ್ಯವೂ ಆಚೆ ಹೋಗ್ತದಾ?"

"ನಿಮ್ಮವರು ಕೂಡ ಮಧ್ಯದಲ್ಲಿ ಸೇರಿಸಿದ್ದು ತುಂಬಾ ಉಂಟು," ಅಂದ ಕುರುವಿಳ. "ನಮ್ಮದು ನೋಡಿ. ಯೇಸುವಿನ ಶಿಷ್ಯ ತೋಮಾ ಸಂತರು ಕೇರಳಕ್ಕೆ ಬಂದದ್ದು ಐವತ್ತೆರಡರಲ್ಲಿ. ಸಾವಿರದ ಒಂಬೈನೂರ ಐವತ್ತೆರಡು ಅಲ್ಲ, ಬರೀ ಐವತ್ತೆರಡು. ಅಲ್ಲಿಂದ ಒಂದು ಅಕ್ಷರ ಬದಲಾಗಲಿಲ್ಲ."

"ಅಕ್ಷರ ಬದಲಾಗಲಿಲ್ಲ. ನಿಮ್ಮದೇ ಎರಡು ಪಂಗಡ ಕೋರ್ಟಿನಲ್ಲಿ ಉಂಟಲ್ಲ, ಅದು?" ಅಂದ ಲಿಗೋರಿ.

"ಅದು ಆಸ್ತಿ ವಿಷಯ," ಕುರುವಿಳ ಗಂಭೀರವಾಗಿ ಹೇಳಿದ. "ವಿಶ್ವಾಸದಲ್ಲಿ ಭೇದ ಇಲ್ಲ. ಒಂದೇ ವಿಶ್ವಾಸದಿಂದ ಎರಡೂ ಕಡೆ ಕೇಸು ಹಾಕ್ತಾರೆ."

ದೇವದಾನ ನಕ್ಕು ಕೆಮ್ಮಿದ. ಅವನ ಸ್ಥಿತಿ ವಿಚಿತ್ರ. ಸಿ.ಎಸ್.ಐ.ಯವರು ಆಂಗ್ಲಿಕನರಿಗೆ ಅರ್ಧ ಸಂಬಂಧಿಕರು. ಆಂಗ್ಲಿಕನ್, ಮೆಥೊಡಿಸ್ಟ್ ಮುಂತಾದವರೆಲ್ಲ ಸೇರಿ ಒಂದಾದ ಸಭೆ ಅದು. "ನಾವು ಒಂದಾದಾಗ ಇದೇ ಇಂಗ್ಲೆಂಡಿನವರು ಎಷ್ಟೋ ವರ್ಷ ಮುಖ ಸಿಂಡರಿಸಿಕೊಂಡು ಇದ್ರು, ಮನೆಬಿಟ್ಟು ಹೋಗಿ ಮದುವೆಯಾದವರನ್ನು ನೋಡಿದ ಹಾಗೆ. ಈಗ ನೋಡಿ. ನಮ್ಮಲ್ಲಿ ಹೆಂಗಸರು ಪಾಸ್ಟರ್ ಆಗಿ ವರ್ಷಗಟ್ಟಲೆ ಆಯಿತು. ಆಕಾಶ ಎಂತ ಬೀಳಲಿಲ್ಲ. ನನ್ನ ಹೆಂಡತಿಯ ಚಿಕ್ಕಮ್ಮನೇ ಪಾಸ್ಟರ್. ಪ್ರಸಂಗ ಹದಿನೈದು ನಿಮಿಷದಲ್ಲಿ ಮುಗಿಸ್ತಾರೆ. ಅದೊಂದಕ್ಕೇ ಎಲ್ಲ ಗಂಡಸರಿಗೂ ಒಪ್ಪಿಗೆ."

ಗೇಟಿನ ಹತ್ತಿರ ಪಿಕಪ್ಪಿಗೆ ಒರಗಿ ನಿಂತಿದ್ದ ಪೊಡಿಯಬ್ಬ ಇದೆಲ್ಲ ಕೇಳುತ್ತಿದ್ದ. ಉಳ್ಳಾಲದವನು. ವಿಲ್ಲಾದ ಅರಬಿ ಯಜಮಾನನಿಗೆ ಮೂವತ್ತು ಮನೆಗಳ ಕಾರುಬಾರು ನೋಡಿಕೊಳ್ಳುವವನು. "ನಿಮ್ಮದು ಎಷ್ಟೋ ವಾಸಿ," ಅಂದ. "ನಮ್ಮೂರಲ್ಲಿ ಚಂದ್ರ ಕಂಡ ಅಂತ ಈ ಓಣಿಯಲ್ಲಿ ಹಬ್ಬ, ಕಾಣಲಿಲ್ಲ ಅಂತ ಆ ಓಣಿಯಲ್ಲಿ ಉಪವಾಸ. ನನ್ನ ಹೆಂಡತಿ ಸಕೀನಾಳ ತವರು ಆ ಓಣಿ. ಒಂದು ಹಬ್ಬಕ್ಕೆ ನಾನು ಎರಡು ಸಲ ಬಿರಿಯಾನಿ ತಿಂದವ."

ಅಷ್ಟರಲ್ಲಿ ಬಾಗಿಲು ತೆರೆಯಿತು. ಮೊದಲು ಹೊರಗೆ ಬಂದದ್ದು ಹಾಡ್ಸನ್. ಎತ್ತರದ ಮನುಷ್ಯ, ಕಿವಿ ಕೆಂಪಾಗಿತ್ತು. ನೇರ ಲಿಗೋರಿಯ ಹತ್ತಿರ ಬಂದರು. "ಮಿಸ್ಟರ್ ಸಿಕ್ವೇರಾ, ನಿಮ್ಮ ಸಭೆಯ ನಿಲುವು ಸ್ಪಷ್ಟವಾಗಿದೆಯಲ್ಲ? ಅದನ್ನು ಬರೆದು ಕೊಡುತ್ತೀರಾ? ಉಳಿದ ಕ್ರೈಸ್ತರು ಇದನ್ನು ಹೇಗೆ ನೋಡುತ್ತಾರೆಂದು ನಮ್ಮವರಿಗೆ ಗೊತ್ತಾಗಬೇಕು." ಅವರ ಹಿಂದೆಯೇ ಬಂದ ಪ್ರಿಚರ್ಡ್ ಟೀಚರ್ ದೇವದಾನನ ತೋಳು ಹಿಡಿದುಕೊಂಡರು. ಅವರಿಗೂ ಒಂದು ಕಾಗದ ಬೇಕಿತ್ತು. ಕುರುವಿಳನನ್ನು ಯಾರೂ ಕೇಳಲಿಲ್ಲ. "ನಾನೂ ಬರೆದು ಕೊಡ್ತೇನೆ," ಎಂದು ಅವನೇ ಹೇಳಿದ.

ಲಿಗೋರಿಗೆ ಎದೆ ಎರಡಿಂಚು ಉಬ್ಬಿತು. ಹದಿನೇಳು ವರ್ಷದ ಗಲ್ಫ್ ಬದುಕಿನಲ್ಲಿ ಒಬ್ಬ ಇಂಗ್ಲಿಷ್ ಇಂಜಿನಿಯರ್ ಅವನ ಅಭಿಪ್ರಾಯ ಕೇಳಿದ್ದು ಅದೇ ಮೊದಲು. ಅವನು ಒಂದು ಕನ್‌ಸ್ಟ್ರಕ್ಷನ್ ಕಂಪೆನಿಯಲ್ಲಿ ಡಾಕ್ಯುಮೆಂಟ್ ಕಂಟ್ರೋಲರ್. ಅಂದರೆ ನಕ್ಷೆಗಳಿಗೆ ನಂಬರು ಹಾಕಿ, ಸೀಲು ಒತ್ತಿ, ಯಾವ ನಕ್ಷೆ ಯಾರ ಕೈಗೆ ಹೋಯಿತೆಂದು ಬರೆದಿಡುವವನು. ಅವನ ಟೇಬಲ್ ದಾಟದೆ ಸೈಟಿನಲ್ಲಿ ಒಂದು ಇಟ್ಟಿಗೆ ಏಳುವಂತಿಲ್ಲ. ಆದರೆ ಇಟ್ಟಿಗೆ ಎಲ್ಲಿ ಏಳಬೇಕೆಂದು ಅವನನ್ನು ಯಾರೂ ಕೇಳಿದ್ದಿಲ್ಲ.

ಭಾನುವಾರ ಊಟದ ಬಿಡುವಿನಲ್ಲಿ ಕೂತು ಟೈಪ್ ಮಾಡಿದ. ಮೂರು ಪ್ಯಾರಾ. ಕೆಥೊಲಿಕ ಸಭೆಯ ಪ್ರಕಾರ ಕ್ರಿಸ್ತನು ಆರಿಸಿದ್ದು ಹನ್ನೆರಡು ಗಂಡಸರನ್ನು. ಅದನ್ನು ಬದಲಿಸುವ ಅಧಿಕಾರ ಸಭೆಗೇ ಇಲ್ಲ. ಇಂಗ್ಲೆಂಡಿನವರ ಈ ಹೆಜ್ಜೆಯಿಂದ ನಾವೆಲ್ಲ ಒಂದಾಗುವ ದಾರಿ ಇನ್ನಷ್ಟು ದೂರವಾಗಿದೆ. ಸುಳ್ಳು ಒಂದೂ ಇರಲಿಲ್ಲ. ಬಹರೈನಿನ ಫಾದರಿಗೆ ಒಂದು ಫೋನ್ ಮಾಡಿ ಕೇಳಬಹುದಿತ್ತು. ಕೇಳಿದರೆ ಬೇಡ ಅನ್ನುತ್ತಾರೆಂದು ಕೇಳಲಿಲ್ಲ. ಮೂಲೆಯಲ್ಲಿ ನಂಬರು ಹಾಕಿದ, ತಾರೀಕು ಹಾಕಿದ, ಮೊದಲ ಪ್ರತಿಯಾದ್ದರಿಂದ ರಿವಿಜನ್ ಸೊನ್ನೆ ಅಂದ. ಬಲಗಡೆ ಕೆಳಗೆ ಸೀಲು ಒತ್ತಿ, ಸಹಿ ಮಾಡಿ, ಲಕೋಟೆಗೆ ಹಾಕಿ ಹಾಡ್ಸನ್ನರಿಗೆ ಕಳಿಸಿಬಿಟ್ಟ. ಮನೆಯಲ್ಲಿ ಅತ್ತೆಗೂ ಹೆಂಡತಿ ಪ್ರೆಸಿಲ್ಲಾಗೂ ಅದನ್ನು ಓದಿ ಹೇಳಿದ. ಪ್ರೆಸಿಲ್ಲಾ, "ಬಾಂಕಿಗೆ ಕಾಗದ ಬರೆಯಿರಿ ಅಂದರೆ ಇಂಗ್ಲಿಷ್ ಬರುವುದಿಲ್ಲ ಅನ್ನುತ್ತೀರಿ," ಅಂದಳು.

ಹನ್ನೊಂದನೇ ತಾರೀಕು ಶುಕ್ರವಾರ ಆಂಗ್ಲಿಕನರ ಸಭೆಯಲ್ಲಿ ಹಾಡ್ಸನ್ ಆ ಕಾಗದವನ್ನು ಎದ್ದು ನಿಂತು ಓದಿದರು. ಆಮೇಲೆ ಕುರುವಿಳನದ್ದನ್ನೂ ಓದಿದರು. ಅದು ಆರು ಪುಟ ಇತ್ತು, ತೋಮಾ ಸಂತರು ಹಡಗಿನಿಂದ ಇಳಿಯುವಲ್ಲಿಂದ ಶುರುವಾಗಿತ್ತು. ಪ್ರಿಚರ್ಡ್ ಟೀಚರ್ ದೇವದಾನನ ಕಾಗದ ಓದಿದರು. ನಲವತ್ತು ಜನರ ಸಭೆ ಎರಡು ಹೋಳಾಯಿತು. ಅಲ್ಲಿಯ ತನಕ ಮೂಲೆಯಲ್ಲಿ ಕೂತು ಪದಬಂಧ ತುಂಬುತ್ತಿದ್ದವರೂ ಈಗ ಒಂದು ಕಡೆ ಸೇರಬೇಕಾಯಿತು. ಓಟು ಹಾಕಿದರು. ಇಪ್ಪತ್ತೊಂದು ಟೀಚರ್ ಕಡೆ, ಹತ್ತೊಂಬತ್ತು ಹಾಡ್ಸನ್ ಕಡೆ. ಹಾಡ್ಸನ್ ಎಲ್ಲರಿಗೂ ಥ್ಯಾಂಕ್ಯೂ ಹೇಳಿ, ಇನ್ನು ಈ ಸಭೆಗೂ ತನಗೂ ಸಂಬಂಧವಿಲ್ಲವೆಂದು ಹೊರಗೆ ಬಂದರು.

ಒಳ್ಳೆ ತಮಾಷೆ ಎಂದುಕೊಂಡ ಲಿಗೋರಿ. ಹಾಗೆ ಅಂದುಕೊಂಡದ್ದು ಹತ್ತು ನಿಮಿಷ ಮಾತ್ರ.

ಪೊಡಿಯಬ್ಬ ಅವನನ್ನು ಗೇಟಿನ ಹೊರಗೆ ಕರೆದ. "ಲಿಗೋರಿಯಣ್ಣ, ನಿಮ್ಮ ಹಾಡ್ಸನ್ ಸಾಹೇಬರು ಸೈನ್ ಹಾಕುದಿಲ್ಲ ಅಂತಾರೆ."

"ಯಾವ ಸೈನ್?"

"ವಿಲ್ಲಾದ್ದು! ಹದಿನೈದಕ್ಕೆ ಕಾಗದ ಮುಗೀತದೆ. ನಾನು ಸಭೆ ಬಿಟ್ಟೆ, ನನ್ನ ಹೆಸರಲ್ಲಿ ಇನ್ನು ವಿಲ್ಲಾ ಯಾಕೆ ಅಂತ ಕೇಳ್ತಾರೆ. ನ್ಯಾಯವೇ ಅಲ್ವಾ?"

"ಬೇರೆಯವರ ಹೆಸರಲ್ಲಿ ಮಾಡಿಕೊಡು. ಟೀಚರ್ ಹೆಸರಲ್ಲಿ."

"ಮಾಫಿ, ಆಗುದೇ ಇಲ್ಲ. ನಮ್ಮ ಯಜಮಾನ ಅರ್ಬಾಬ್ ಒಂಬತ್ತು ವರ್ಷದಿಂದ ಹಾಡ್ಸನ್ ಮುಖ ನೋಡಿ ಕೊಟ್ಟದ್ದು. ಹೊಸ ಹೆಸರು ಅಂದರೆ ಹೊಸ ಪ್ರಶ್ನೆ. ಶುಕ್ರವಾರ ಅಷ್ಟು ಜನ ಯಾಕೆ ಬರ್ತಾರೆ, ಒಳಗೆ ಎಂತ ಮಾಡ್ತಾರೆ. ಗೊತ್ತಿದ್ದೂ ಗೊತ್ತಿಲ್ಲದ ಹಾಗೆ ಇದ್ದಾರೆ, ಅವರ ಬಾಯಲ್ಲಿ ಯಾಕೆ ಕೇಳಿಸುದು? ಒಬ್ಬ ಈಜಿಪ್ಟಿನ ಡಾಕ್ಟರ್ ಬೇರೆ ಮನೆ ಕೇಳಿಕೊಂಡು ಎರಡು ಸಲ ಬಂದ. ಹದಿನಾರಕ್ಕೆ ನಿಮ್ಮ ಕಪಾಟು ತೆಗೀಬೇಕಾಗ್ತದೆ."

ಹದಿನಾರಕ್ಕೆ ಕಪಾಟು. ಹದಿನೆಂಟಕ್ಕೆ ಹನ್ನೊಂದು ಮಕ್ಕಳು. ಲಿಗೋರಿ ಬೆರಳಲ್ಲಿ ಜಾಗದ ಲೆಕ್ಕ ಹಾಕಿದ. ಅಲ್ ಮುಂತಜಾದ ಅವನ ಫ್ಲಾಟಿನಲ್ಲಿ ಇಪ್ಪತ್ತು ಜನ ನಿಂತರೆ ಇಪ್ಪತ್ತೊಂದನೆಯವರು ಬಾತ್‌ರೂಮಿನಲ್ಲಿರಬೇಕು. ಆ ದಿನ ಬರುವವರು ನೂರೈವತ್ತು ಜನ.

ಮನೆಗೆ ಬಂದು ಅತ್ತೆಗೆ ಹೇಳಲೇಬೇಕಾಯಿತು. ಅವರು ಫ್ರಾಕಿಗೆ ಇಸ್ತ್ರಿ ಹಾಕುತ್ತಿದ್ದರು. ಪೆಟ್ಟಿಗೆ ಹಿಡಿದ ಅದೇ ಕೈಯಲ್ಲಿ ಇಸ್ತ್ರಿಪೆಟ್ಟಿಗೆ ಎತ್ತಿ ನಿಂತರು. ಲಿಗೋರಿ ಒಂದು ಹೆಜ್ಜೆ ಹಿಂದೆ ಸರಿದ.

"ಗಂಡಹೆಂಡತಿ ಜಗಳಾಡುವ ಮನೆಗೆ ಹೋಗಿ ಸಾಕ್ಷಿ ಹೇಳಿದೆಯಲ್ಲ ಪುತಾ, ಬುದ್ಧಿ ಉಂಟಾ ನಿನಗೆ? ಅವರು ಒಂದಾದರೂ ನಿನಗೆ ಬೈಗಳು, ಬೇರೆಯಾದರೂ ನಿನಗೆ ಬೈಗಳು."

"ನಾನು ಬರೆದದ್ದು ಸತ್ಯವೇ ಮಾಂಯ್."

"ಸತ್ಯ ಯಾರು ಕೇಳಿದರು? ನನ್ನ ಮೊಮ್ಮಗಳನ್ನು ಎಲ್ಲಿ ನಿಲ್ಲಿಸುತ್ತಿ, ಅದು ಹೇಳು. ನಿನ್ನ ಕಾಗದದ ಮೇಲೆ ನಿಲ್ಲಿಸುತ್ತಿಯಾ?"

ಮೆಲಿಟಾ ಒಳಗಿನಿಂದ ಬಂದು, "ಡ್ಯಾಡಿ, ಕ್ಯಾನ್ಸಲ್ ಆಯ್ತಾ?" ಎಂದು ಕೇಳಿದಳು. ಎರಡು ಸಲ ತಪ್ಪಿದ್ದರಿಂದ ಅವಳ ದನಿಯಲ್ಲಿ ಅಳುವೂ ಇರಲಿಲ್ಲ. ವಿಮಾನ ತಡವಾಯಿತೇ ಎಂದು ಕೇಳುವ ಹಾಗೆ ಕೇಳಿದಳು. ಲಿಗೋರಿಗೆ ಇಸ್ತ್ರಿಪೆಟ್ಟಿಗೆಗಿಂತ ಅದೇ ಹೆಚ್ಚು ಸುಟ್ಟಿತು.

ಮರುದಿನದಿಂದ ಅಜೀಜಿಯಾದಲ್ಲಿ ಒಂದು ವಿಚಿತ್ರ ನಡೆಯಿತು. ಆಂಗ್ಲಿಕನರ ಒಡಕನ್ನು ನೋಡಿ ವಾರವಿಡೀ ಚಪ್ಪರಿಸಿದವರೆಲ್ಲ ಈಗ ಅವರು ಒಂದಾಗಲೆಂದು ಒದ್ದಾಡತೊಡಗಿದರು. ಹಾಲ್ ಹೋದರೆ ಎಲ್ಲರದ್ದೂ ಹೋಗುತ್ತದೆ. ಕೊಂಕಣಿಯ ಹೆಂಗಸರು ಜಪಸರ ಹಿಡಿದು ಇಂಗ್ಲೆಂಡಿನ ಸಭೆಯ ಐಕ್ಯಕ್ಕಾಗಿ ಒಂಬತ್ತು ದಿನದ ಪ್ರಾರ್ಥನೆ ಶುರುಮಾಡಿದರು. ಒಂಬತ್ತು ದಿನ ಇಲ್ಲವೆಂದು ಯಾರೋ ನೆನಪಿಸಿದ ಮೇಲೆ ದಿನಕ್ಕೆ ಮೂರು ಸಲದಂತೆ ಮೂರು ದಿನದಲ್ಲಿ ಮುಗಿಸುವುದೆಂದಾಯಿತು. ನಾಲ್ಕು ಶತಮಾನದಲ್ಲಿ ರೋಮಿನವರು ಆಂಗ್ಲಿಕನರಿಗಾಗಿ ಅಷ್ಟು ಅವಸರದಲ್ಲಿ ಪ್ರಾರ್ಥಿಸಿದ್ದು ಇರಲಾರದು.

ಸೋಮವಾರ, ಹದಿನಾಲ್ಕು, ಮಧ್ಯಾಹ್ನ ಲಿಗೋರಿ, ದೇವದಾನ, ಕುರುವಿಳ ಮೂವರೂ ರಜೆ ಕೇಳಿಕೊಂಡು ಹಾಡ್ಸನ್ನರ ಸೈಟ್ ಆಫೀಸಿಗೆ ಹೋದರು. ಹೊರಗೆ ಬಿಸಿಲಿನಲ್ಲಿ ಕಾಂಕ್ರೀಟ್ ಲಾರಿಗಳು ತಿರುಗುತ್ತಿದ್ದವು. ಒಳಗೆ ಎ.ಸಿ.ಯ ಗಡಗಡ. ಗೋಡೆಯ ತುಂಬ ನಕ್ಷೆಗಳು.

ಮೊದಲು ದೇವದಾನ ಬೇಡಿಕೊಂಡ. ಆಮೇಲೆ ಕುರುವಿಳ. ಹಾಡ್ಸನ್ ಟೀ ತರಿಸಿದರು, ಬಿಸ್ಕೆಟ್ ಕೊಟ್ಟರು, ಸಹಿ ಮಾತ್ರ ಇಲ್ಲವೆಂದರು. "ಮಕ್ಕಳ ವಿಷಯಕ್ಕೆ ನನಗೆ ಬೇಸರ ಇದೆ. ಆದರೆ ನಾನು ಹಟಕ್ಕೆ ಮಾಡುತ್ತಿಲ್ಲ. ನಮ್ಮವರು ಆರ್ಥೊಡಾಕ್ಸಿನವರಿಂದ, ರೋಮಿನಿಂದ, ಎಲ್ಲರಿಂದ ದೂರವಾಗುತ್ತಿದ್ದಾರೆ. ಆ ಮಾತು ನನ್ನದಲ್ಲ, ನಿಮ್ಮದು. ಇಲ್ಲೇ ಇದೆ." ಡ್ರಾಯರ್ ಎಳೆದು ಲಿಗೋರಿಯ ಕಾಗದವನ್ನೇ ಮೇಜಿನ ಮೇಲಿಟ್ಟರು. "ನಿಮ್ಮ ಸಭೆಯ ಮಾತು ನಂಬಿ ನಾನು ನಿಂತಿದ್ದೇನೆ. ಈಗ ನೀವೇ ಬಂದು ಕೂತುಕೋ ಅನ್ನುತ್ತೀರಾ?"

ಲಿಗೋರಿ ತಲೆ ತಗ್ಗಿಸಿದ. ತಗ್ಗಿಸಿದ್ದರಿಂದ ಕಾಗದದ ಬಲಮೂಲೆ ಕಣ್ಣಿಗೆ ಬಿತ್ತು. ಅವನು ಅಭ್ಯಾಸಬಲದಿಂದ ಒತ್ತಿದ್ದ ಸೀಲು. ನೀಲಿ.

ಸೈಟಿನಲ್ಲಿ ನಕ್ಷೆಗೆ ಎರಡು ಬಗೆಯ ಸೀಲು. ಕೆಂಪು ಸೀಲೆಂದರೆ ಮೇಲಿನವರ ಒಪ್ಪಿಗೆಯಾಗಿದೆ, ಕಟ್ಟಬಹುದು. ನೀಲಿ ಸೀಲೆಂದರೆ ಬರೀ ಮಾಹಿತಿಗೆ. ನೋಡು, ತಿಳಿದುಕೋ, ಇದನ್ನು ನಂಬಿ ಒಂದು ಕಂಬಿಯನ್ನೂ ಬಗ್ಗಿಸಬೇಡ. ನೀಲಿ ಸೀಲಿನ ನಕ್ಷೆ ನೋಡಿ ಗೋಡೆ ಕಟ್ಟಿದ ಫೋರ್‌ಮನ್‌ನನ್ನು ಸಂಜೆಯ ವಿಮಾನಕ್ಕೆ ಹತ್ತಿಸುತ್ತಾರೆ. ಇದು ದೋಹಾದ ಎಲ್ಲ ಸೈಟಿನ ಕಾನೂನು. ಹಾಡ್ಸನ್ ಅದನ್ನು ಮೂವತ್ತೈದು ವರ್ಷದಿಂದ ಬೇರೆಯವರ ತಲೆಗೆ ಹೊಡೆಯುತ್ತ ಬಂದವರು.

"ಸರ್," ಲಿಗೋರಿ ಮೆಲ್ಲಗೆ ಹೇಳಿದ, "ಈ ಸೀಲು ಯಾವುದು?"

ಹಾಡ್ಸನ್ ಕನ್ನಡಕ ಹುಡುಕಿ ಹಾಕಿಕೊಂಡರು. ನೋಡಿದರು.

"ಫಾರ್ ಇನ್‌ಫರ್ಮೇಶನ್ ಓನ್ಲಿ," ಲಿಗೋರಿಯೇ ಓದಿದ. ಅವನಿಗೆ ಈಗ ಉಸಿರು ಬಂದಿತ್ತು. "ರಿವಿಜನ್ ಸೊನ್ನೆ. ಕಳಿಸಿದವನು ನಾನು, ಒಬ್ಬ ಡಾಕ್ಯುಮೆಂಟ್ ಕಂಟ್ರೋಲರ್. ನಮ್ಮ ಸಭೆ ಏನು ಹೇಳುತ್ತದೆ ಅಂತ ನೀವು ಕೇಳಿದಿರಿ, ನಾನು ತಿಳಿಸಿದೆ. ಅದು ನಮ್ಮ ಕಟ್ಟಡದ ನಕ್ಷೆ ಸರ್. ನೀವು ಅದನ್ನು ಹಿಡಿದು ನಿಮ್ಮ ಮನೆಯಲ್ಲಿ ಗೋಡೆ ಎಬ್ಬಿಸಿದಿರಿ."

ದೇವದಾನ ಬಾಯಿಗೆ ಹಾಕಿದ ಬಿಸ್ಕೆಟ್ ಅಗಿಯುವುದನ್ನು ನಿಲ್ಲಿಸಿದ.

"ನನ್ನ ಕಾಗದಕ್ಕೆ ಸೀಲೇ ಇಲ್ಲ," ಎಂದು ಕುರುವಿಳ ಶುರುಮಾಡಿದ. "ಅದು ಶಾಶ್ವತ..." ದೇವದಾನ ಅವನ ಕಾಲು ತುಳಿದ.

ಹಾಡ್ಸನ್ನರ ಕಿವಿ ಕೆಂಪೇರಿತು. ಈಗ ಬೈಯುತ್ತಾರೆ ಎಂದುಕೊಂಡ ಲಿಗೋರಿ. ಆದರೆ ಅದು ನಾಚಿಕೆಯ ಕೆಂಪು. ಕಾಗದವನ್ನು ತಿರುಗಿಸಿ ಹಿಂದೆ ನೋಡಿದರು, ಅಲ್ಲೇನಾದರೂ ಕೆಂಪು ಸೀಲು ಇದೆಯೋ ಎಂಬ ಹಾಗೆ.

"ಹಾಗಾದರೆ ನಮಗೆ ಒಪ್ಪಿಗೆ ಕೊಡುವವರು ಯಾರು?" ಎಂದರು ಕೊನೆಗೆ. ಪ್ರಶ್ನೆ ಅರ್ಧ ತಮಗೇ.

"ನಿಮ್ಮ ಬಿಷಪ್ಪರು ಸರ್. ಅವರನ್ನು ಕೇಳಿದ್ದೀರಾ?"

ಯಾರೂ ಕೇಳಿರಲಿಲ್ಲ. ಕೆಥೊಲಿಕರನ್ನು ಕೇಳಿದ್ದರು, ಆರ್ಥೊಡಾಕ್ಸಿನವರದ್ದನ್ನು ಕೇಳದೆಯೇ ಪಡೆದಿದ್ದರು, ಸಿ.ಎಸ್.ಐ.ಯವರನ್ನು ಕೇಳಿದ್ದರು, ಎರಡು ಸಲ ಕೂತು ಒಂದು ಸಲ ಓಟು ಹಾಕಿದ್ದರು. ಸ್ವಂತ ಬಿಷಪ್ಪರಿಗೆ ಒಂದು ಫ್ಯಾಕ್ಸ್ ಹಾಕಬೇಕೆಂದು ಎರಡು ಪಾರ್ಟಿಯವರಿಗೂ ಹೊಳೆದಿರಲಿಲ್ಲ. ಹೊಳೆದಿದ್ದರೂ ಉತ್ತರ ತಮ್ಮ ವಿರುದ್ಧ ಬಂದೀತೆಂದು ಸುಮ್ಮನಿದ್ದಿರಬಹುದು. ಫಾದರಿಗೆ ಫೋನ್ ಮಾಡದೆ ಕಾಗದ ಬರೆದ ಲಿಗೋರಿಗೆ ಆ ಕಷ್ಟ ಚೆನ್ನಾಗಿ ಅರ್ಥವಾಯಿತು. ಅವನು ಹೇಳಲಿಲ್ಲ ಅಷ್ಟೇ.

"ಒಪ್ಪಿಗೆ ಬರುವ ತನಕ ಕೆಲಸ ನಿಲ್ಲಿಸಬೇಕು," ಅಂದರು ಹಾಡ್ಸನ್. ಅದು ಇಂಜಿನಿಯರ್ ಮಾತು. "ಎರಡೂ ಕಡೆ."

"ಎರಡೂ ಕಡೆ ಸರ್. ಗೋಡೆಯೂ ಬೇಡ, ಕೆಡವುವುದೂ ಬೇಡ. ಮನೆ 'ಹೋಲ್ಡ್'ನಲ್ಲಿ ಇರಲಿ. ಆದರೆ ಹೋಲ್ಡ್‌ನಲ್ಲಿ ಇರಲಿಕ್ಕೂ ಮನೆ ಬೇಕಲ್ಲ?"

ಹಾಡ್ಸನ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಸಿಕ್ವೇರಾ, ನಿಮ್ಮ ಕಂಪೆನಿಯವರು ನಿಮ್ಮನ್ನು ಸೀಲು ಒತ್ತಲಿಕ್ಕೆ ಇಟ್ಟಿದ್ದಾರಾ?"

"ಹೌದು ಸರ್."

"ದಡ್ಡರು," ಎಂದು ಹಾಡ್ಸನ್ ಫೋನ್ ಎತ್ತಿಕೊಂಡರು.

ಪ್ರಿಚರ್ಡ್ ಟೀಚರಿಗೆ ಹಾಗಲಕಾಯಿ ಅಗಿದ ಮುಖವಾಯಿತಂತೆ. ಗೆದ್ದ ಓಟನ್ನು ಯಾರು ತಾನೇ ಬಿಟ್ಟುಕೊಡುತ್ತಾರೆ? ಆದರೆ ವಿಲ್ಲಾ ಹೋದರೆ ತಂಗಿ ಆರಾಧನೆ ನಡೆಸಲು ಅವರಿಗೂ ಬೇರೆ ಜಾಗವಿರಲಿಲ್ಲ. ಬಿಷಪ್ಪರಿಗೆ ಒಂದೇ ಫ್ಯಾಕ್ಸ್ ಹೋಗಬೇಕು, ಎರಡು ಕಡೆಯ ಸಹಿಯೂ ಇರಬೇಕು, ಉತ್ತರ ಬರುವ ತನಕ ತಂಗಿ ಬೈಬಲಿನ ಪಾಠ ಓದಬಹುದು, ಆಲ್ತಾರಿನ ಹಿಂದೆ ನಿಲ್ಲುವಂತಿಲ್ಲ ಎಂದಾಯಿತು. ಯಾರಿಗೂ ಪೂರ್ತಿ ಸಮಾಧಾನವಿಲ್ಲದ್ದರಿಂದ ಒಪ್ಪಂದ ಗಟ್ಟಿಯಾಗಿತ್ತು. ಮಂಗಳವಾರ ಸಂಜೆ ನಾಲ್ಕಕ್ಕೆ ಹಾಡ್ಸನ್ ಸಹಿ ಹಾಕಿದರು. ಪೊಡಿಯಬ್ಬ ಕಾಗದವನ್ನು ಊದಿ ಒಣಗಿಸಿ, "ಯಲ್ಲಾ, ಇನ್ನೊಂದು ವರ್ಷ ಜಗಳಾಡಿ," ಎಂದು ಪಿಕಪ್ ಹತ್ತಿದ.

ಬಹರೈನಿನಿಂದ ಬಂದ ಫಾದರಿಗೆ ಇಳಿದ ಅರ್ಧ ಗಂಟೆಯಲ್ಲಿ ಸುದ್ದಿ ಮುಟ್ಟಿತು. "ಲಿಗೋರಿ, ನಿನ್ನನ್ನು ಕಾರ್ಡಿನಲ್ ಮಾಡಿದ್ದು ಯಾವಾಗ? ನಮಗೆ ಸರ್ಕ್ಯುಲರ್ ಬರಲಿಲ್ಲ," ಅಂದರು. ಶಿಕ್ಷೆಯಾಗಿ ಮುಂದಿನ ವರ್ಷದ ಧರ್ಮೋಪದೇಶದ ತರಗತಿ ಪೂರ್ತಿ ಅವನ ತಲೆಗೆ ಕಟ್ಟಿದರು.

ಹದಿನೆಂಟರ ಶುಕ್ರವಾರ ಹನ್ನೊಂದು ಮಕ್ಕಳೂ ಸಾಲಾಗಿ ನಿಂತರು. ಕಾಯಿಲೆ ಯಾರಿಗೂ ಬರಲಿಲ್ಲ. ಒಬ್ಬ ಹುಡುಗ ಮೇಣದಬತ್ತಿಯಿಂದ ಮುಂದಿನವನ ಕೂದಲು ಸ್ವಲ್ಪ ಸುಟ್ಟ, ಅಷ್ಟೇ. ಮೆಲಿಟಾ ಕೈಮುಗಿದು ಹೋದಳು, ನಾಲಿಗೆಯ ಮೇಲೆ ಪ್ರಸಾದ ತೆಗೆದುಕೊಂಡಳು, ತಿರುಗಿ ಬರುವಾಗ ಅಪ್ಪನ ಕಡೆ ನೋಡಿ ಹುಬ್ಬು ಹಾರಿಸಿದಳು. ಆಯ್ತಲ್ಲ ಅಂತೂ, ಎಂಬ ಹಾಗೆ. ಲಿಗೋರಿಗೆ ವಾರದ ನಂತರ ಮೊದಲ ಸಲ ಹಸಿವಾಯಿತು.

ಹಿಂದಿನ ಸಾಲಿನಲ್ಲಿ, ಲಿಗೋರಿ ಕರೆದದ್ದಕ್ಕೆ ಬಂದ ಹಾಡ್ಸನ್ ಕೂತಿದ್ದರು. ಮೂರು ಕುರ್ಚಿ ಬಿಟ್ಟು ಪ್ರಿಚರ್ಡ್ ಟೀಚರ್, ಅವರ ಪಕ್ಕ ಹಿಂದಿನ ದಿನವಷ್ಟೇ ಬಂದಿಳಿದ ತಂಗಿ. ಕುತ್ತಿಗೆಗೆ ಪಾದ್ರಿಗಳ ಬಿಳಿ ಪಟ್ಟಿ, ಮೂಗು ಆಗಲೇ ಬಿಸಿಲಿಗೆ ಕೆಂಪಾಗಿತ್ತು. ಎಲ್ಲರೂ ಪ್ರಸಾದಕ್ಕೆ ಎದ್ದಾಗ ಆ ಮೂವರು ಮಾತ್ರ ಏಳಲಿಲ್ಲ.

ಪೂಜೆ ಮುಗಿದು ಅಂಗಳದಲ್ಲಿ ಊಟ ಬಡಿಸುವಾಗ ಅತ್ತೆ ಲಿಗೋರಿಯನ್ನು ಹಿಡಿದುಕೊಂಡರು. "ಆ ಹೆಂಗಸು ಯಾಕೆ ಪ್ರಸಾದಕ್ಕೆ ಬರಲಿಲ್ಲ?"

"ಅವರು ಆಂಗ್ಲಿಕನ್, ಮಾಂಯ್. ನಮ್ಮಲ್ಲಿ ಅವರಿಗೆ ಕೊಡುವಂತಿಲ್ಲ. ಇವರೇ ಆ ಹೆಣ್ಣು ಪಾದ್ರಿ."

ಅತ್ತೆ ಅವಳನ್ನು ಮೇಲಿಂದ ಕೆಳಗೆ ನೋಡಿದರು. ಮೀನು ಕೊಳ್ಳುವಾಗ ಕಿವಿರು ನೋಡುವ ನೋಟ ಅದು. ಆಮೇಲೆ ನೇರ ಹೋಗಿ, ಕೈ ಹಿಡಿದು ಎಳೆದು ತಂದು ಮೇಜಿಗೆ ಕೂರಿಸಿದರು. ಅಕ್ಕಿಯ ಮೆತ್ತನೆ ಸನ್ನಾಣ ಹಾಕಿದರು, ಮೇಲೆ ಕೋಳಿ ಬಾಫಾತಿನ ಸಾರು ಸುರಿದರು. ಅವಳ ಎದುರಿಗೆ ಜಾಗ ಖಾಲಿ ಇದ್ದದ್ದು ನೋಡಿ ಹಾಡ್ಸನ್ನರನ್ನೂ ಭುಜ ಒತ್ತಿ ಅಲ್ಲೇ ಕೂರಿಸಿದರು. ಅತ್ತೆಗೆ ಇಂಗ್ಲಿಷ್ ಬಾರದ ಕಾರಣ ಯಾರಿಗೂ ಬೇಡವೆನ್ನಲು ಆಗಲಿಲ್ಲ. ಅವರಿಬ್ಬರೂ ಖಾರಕ್ಕೆ ಕಣ್ಣೀರು ಹಾಕಿಕೊಂಡು ತಿಂದರು. ಆಮೇಲೆ ಯಾರ್ಕ್‌ಶೈರಿನ ಮಳೆಯ ಬಗ್ಗೆ ಮಾತು ಶುರುವಾಯಿತು. ಆ ಒಂದು ವಿಷಯದಲ್ಲಿ ಇಬ್ಬರದೂ ಒಂದೇ ಅಭಿಪ್ರಾಯ.

"ಪುತಾ," ಅತ್ತೆ ಲಿಗೋರಿಯ ಕಿವಿಯ ಹತ್ತಿರ ಬಗ್ಗಿದರು, "ಇವಳು ಪಾಪನಿವೇದನೆ ಕೇಳುತ್ತಾಳಾ?"

"ಕೇಳಬಹುದು. ಅವರಲ್ಲಿ ಅದು ಕಡಿಮೆ. ಯಾಕೆ?"

"ಐವತ್ತೈದು ವರ್ಷ ಗಂಡಸರ ಹತ್ತಿರ ಹೇಳಿಕೊಂಡೆ. ಅರ್ಧ ಹೇಳಲಿಕ್ಕೇ ಆಗಲಿಲ್ಲ."

ಲಿಗೋರಿ ತಟ್ಟೆ ಕೆಳಗಿಟ್ಟ. ಆಚೀಚೆ ನೋಡಿದ. ಫಾದರ್ ನಾಲ್ಕು ಮಾರು ದೂರದಲ್ಲೇ ಇದ್ದರು. "ಮಾಂಯ್! ನಮ್ಮಲ್ಲಿ ಅದು ಆಗುವುದಿಲ್ಲ."

"ಆಗುವುದಿಲ್ಲ ಅಂತ ನನಗೂ ಗೊತ್ತು," ಎಂದರು ಅತ್ತೆ, ಹೆಣ್ಣು ಪಾದ್ರಿಯ ತಟ್ಟೆಗೆ ಮತ್ತೊಂದು ಸನ್ನಾಣ ಹಾಕುತ್ತ. "ಬಾಯಲ್ಲಿ ಹೇಳಿದ್ದಪ್ಪ. ನಾನೇನು ನಿನ್ನ ಹಾಗೆ ಬರೆದು ಕೊಟ್ಟೆನಾ?"